ಗುಳುಮುಳುಕನ ಎರಡನೇ ಗೂಡು

ಭಾನುವಾರ, ಮಧ್ಯಾಹ್ನ

ರೀ,

ಕಾಗದದಲ್ಲಾದರೂ ಬೇರೆ ಥರ ಕರೆಯೋಣವೆಂದು ನೋಡಿದೆ. ಪೆನ್ನು ಇದನ್ನೇ ಬರೆಯಿತು. ಅಕ್ಕನ ಮನೆಯಲ್ಲಿ ಚೆನ್ನಾಗಿದ್ದೇನೆ. ಕನ್ನಡಕದ ಅಂಗಡಿಯ ಕೆಲಸವೂ ನಡೆದಿದೆ.

ಭಾನುವಾರ ಬಂದರೆ ಅಕ್ಕ ನನ್ನನ್ನು ಪಾರ್ಕಿನ ಕೆರೆಗೆ ಹಕ್ಕಿ ನೋಡಲು ಎಳೆದೊಯ್ಯುತ್ತಾಳೆ. "ಮೂಲೆ ಹಿಡಿದು ಕೂತ್ರೆ ಗೋಡೆ ಮಾತಾಡುತ್ತೇನೇ? ಏಳು!" ಎಂದು ಮೊದಲ ದಿನವೇ ಬೈದು, ತನ್ನ ಹಳೆಯ ದುರ್ಬೀನನ್ನು ನನ್ನ ಕೊರಳಿಗೆ ಹಾಕಿದಳು. ಮೊದಮೊದಲು ಕಂಡದ್ದೆಲ್ಲ ನನಗೆ ಬಾತುಕೋಳಿಯೇ. ಈಗ ನೀರುಕಾಗೆ ಯಾವುದು, ಮಿಂಚುಳ್ಳಿ ಯಾವುದು ಎಂದು ನಿಮಗೂ ಪಾಠ ಹೇಳಬಲ್ಲೆ.

ಗುಳುಮುಳುಕ ಎಂಬ ಪುಟ್ಟ ಹಕ್ಕಿಯಿದೆ. ನೋಡನೋಡುತ್ತಲೇ ಮುಳುಗಿ ಇನ್ನೆಲ್ಲೋ ಏಳುತ್ತದೆ. ಒಂದು ಜೋಡಿ ಜೊಂಡಿನ ನಡುವೆ ತೇಲುವ ಗೂಡು ಕಟ್ಟಿ ಮೊಟ್ಟೆಯಿಟ್ಟಿತ್ತು. ಕಳೆ ತೆಗೆಯುವವರು ದೋಣಿಯಲ್ಲಿ ಬಂದು ಜೊಂಡಿನ ಜೊತೆ ಅದನ್ನೂ ಎಳೆದುಹಾಕಿದರು. ಮೊಟ್ಟೆಗಳ ಮೇಲೆ ಎಲೆ ಮುಚ್ಚಿತ್ತು, ಪಾಪ, ಅವರಿಗೆ ಕಾಣಲಿಲ್ಲ. ನಾನು ದಂಡೆಯಲ್ಲೇ ಕುಸಿದು ಅತ್ತೆ. ಆಸ್ಪತ್ರೆಯಿಂದ ನಾವಿಬ್ಬರೂ ಬರಿಗೈಲಿ ಮನೆಗೆ ಬಂದ ದಿನ ಬಾರದ ಅಳು ಅಂದು ಬಂತು. ಅಕ್ಕ ಬೆನ್ನು ಸವರಿದಳು.

ಮರುವಾರ ಹೋದರೆ ಆ ಜೋಡಿ ಮತ್ತೆ ಗೂಡು ಕಟ್ಟಲು ಕೂತಿದೆ! ಒಂದು ಹಕ್ಕಿ ಎಲೆ, ಬೇರು ಕಚ್ಚಿ ತಂದರೆ ಇನ್ನೊಂದು ಒತ್ತಿ ಕೂರಿಸುತ್ತದೆ. ನಾವೇಕೆ ಹಾಗೆ ಮಾಡಲಿಲ್ಲ? ಒಂದು ಮಾತೂ ಆಡದೆ ನೀವು ತೊಟ್ಟಿಲನ್ನು ಅಟ್ಟಕ್ಕೆ ಹಾಕಿದಾಗ, ಎಲ್ಲ ಮರೆತೇಬಿಟ್ಟಿರಿ ಎಂದುಕೊಂಡು ಹೊರಟುಬಂದೆ. ನನ್ನ ಕಣ್ಣಿಗೆ ಬೀಳದಿರಲಿ ಎಂದು ಹಾಗೆ ಮಾಡಿದಿರೇನೋ ಎಂದು ಈಗ ಅನ್ನಿಸುತ್ತದೆ.

ಹೊಸ ಗೂಡಿನಲ್ಲಿ ಮೊಟ್ಟೆಯಿಟ್ಟ ಮೇಲೆ ಒಂದು ಭಾನುವಾರ ಕಳೆಯ ದೋಣಿ ಮತ್ತೆ ಬಂತು. ಚಿಲ್ಲರೆ ಕೇಳಲೂ ಹಿಂದೆಮುಂದೆ ನೋಡುವವಳು ನಾನು, ಅಂದು ಮೊಣಕಾಲುದ್ದ ನೀರಿಗಿಳಿದು, "ಅಣ್ಣಾ, ನಿಲ್ಸಿ! ಅಲ್ಲಿ ಮೊಟ್ಟೆ ಇದೆ!" ಎಂದು ಕೂಗಿದೆ.

"ಕೆರೆ ಪೂರ್ತಿ ಕ್ಲೀನ್ ಮಾಡಿ ಅಂದಿದಾರಮ್ಮಾ" ಎಂದ ಮೇಸ್ತ್ರಿ.

"ಆ ಮೂಲೆ ಒಂದು ಬಿಡಿ. ಯಾರಾದ್ರೂ ಕೇಳಿದ್ರೆ ನನ್ನನ್ನ ತೋರ್ಸಿ."

ಅವನು ದುರ್ಬೀನು ಇಸಿದುಕೊಂಡು ಬಹಳ ಹೊತ್ತು ನೋಡಿದ. "ಅಯ್ಯೋ, ಕಾವು ಕೂತಿದೆ ಕಣ್ರೋ" ಎಂದು ಆಳುಗಳಿಗೆ ಹೇಳಿ ದೋಣಿ ತಿರುಗಿಸಿದ.

ಇಂದು ನೋಡಿದರೆ ಮರಿಗಳಾಗಿವೆ! ಅಮ್ಮನ ಬೆನ್ನೇರಿ, ರೆಕ್ಕೆಯ ಸಂದಿಯಿಂದ ತಲೆ ಹೊರಹಾಕಿ ಸವಾರಿ ಹೊರಟಿವೆ. ಅಪ್ಪನಿಗೆ ಮೀನು ಹಿಡಿದು ತಿನ್ನಿಸುವುದರಲ್ಲೇ ಪುರುಸೊತ್ತಿಲ್ಲ. ನಾನು ಜೋರಾಗಿ ನಕ್ಕುಬಿಟ್ಟೆ. ಅಕ್ಕ ಹಕ್ಕಿ ಬಿಟ್ಟು ನನ್ನನ್ನೇ ನೋಡಿದಳು.

ಇದನ್ನು ಮೊದಲು ನಿಮಗೇ ಹೇಳಬೇಕೆನ್ನಿಸಿತು.

ಇಂದಿಗೂ
ನಿಮ್ಮವಳು

ತಾ.ಕ.: ರಾತ್ರಿ ಪಾಳಿಯ ಬಸ್ಸನ್ನು ಡಿಪೋದಲ್ಲಿ ಬಿಟ್ಟು, ಖಾಕಿ ಅಂಗಿಯಲ್ಲೇ ಎದುರು ದಂಡೆಯ ಬೆಂಚಿನಲ್ಲಿ ಪೇಪರ್ ಮರೆಮಾಡಿಕೊಂಡು ಕೂರುತ್ತೀರಲ್ಲ, ಮೊದಲ ವಾರದಿಂದಲೂ ನೋಡುತ್ತಿದ್ದೇನೆ. ನಾನು ನೀರಿಗಿಳಿದಾಗ ಓಡಿಬಂದು ಅರ್ಧ ದಾರಿಯಲ್ಲೇ ನಿಂತಿರಿ. ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿದೆ. ಮುಂದಿನ ವಾರ ಈಚೆ ದಂಡೆಗೇ ಬಂದುಬಿಡಿ. ಸೂಜಿ ದಾರ ತಂದಿರುತ್ತೇನೆ.