ಮನೆದೇವರು ಯಾವುದು?

ಅಪ್ಪ,

ನೀನು ಸತ್ತು ಆರು ವರ್ಷವಾಯಿತು. ನೀನು ಓದುವುದಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಇವತ್ತು ಈ ಪರದೇಶದಲ್ಲಿ, ನಾವಿರುವ ಟೂಂಗಾಬಿಯ ಕನ್ನಡ ಶಾಲೆಯಲ್ಲಿ ನಿನ್ನ ಮೊಮ್ಮಗಳು ಆದ್ಯಾ ಹಳೇ ಕಾಲದ ಒಬ್ಬ ಅಮೆರಿಕನ್ನನ ಬದುಕು ಹೇಳಿದಳು. ಅವನು ಸ್ವಾತಂತ್ರ್ಯಕ್ಕಾಗಿ ಯುದ್ಧ ಮಾಡಿ ಗುಂಡೇಟು ತಿಂದ, ಶಾಸಕನಾಗಿ ಸಮಾನತೆಯ ಭಾಷಣ ಬಿಗಿದ. ಸಾಯುವಾಗ ತನ್ನ ಗುಲಾಮರನ್ನು ಮಕ್ಕಳಿಗೆ ಹಂಚಿದ. "ಆ ಪಾರ್ಟ್ ಯಾರೂ ಹೇಳಲ್ಲ," ಎಂದಳು.

ಅನಸೂಯಾ ಆಂಟಿ ಕೇಸರಿಬಾತ್ ಬಡಿಸುತ್ತ ಕೇಳಿದರು: "ಚೆನ್ನಾಗ್ ಹೇಳ್ದೆ ಪುಟ್ಟಿ. ನಿಮ್ ತಾತ ಏನ್ ಮಾಡ್ತಿದ್ರು? ನಿಮ್ಮನೆ ದೇವ್ರು ಯಾವ್ದು?"

ಜಾತಿ ಕೇಳುವ ದಾರಿ ಅದು. ನಾವು ಬಾಡಿಗೆಗಿರುವುದು ಅವರದೇ ಮನೆಯಲ್ಲಿ. ಆದ್ಯಾ ಬಾಯಿ ತೆರೆಯುವ ಮುನ್ನ ನಾನೇ ನಮ್ಮ ಮಾರಮ್ಮನನ್ನು ನುಂಗಿಕೊಂಡು, "ಮೇಷ್ಟ್ರಾಗಿದ್ರು ಆಂಟಿ. ತಿರುಪತಿ ಒಕ್ಲು," ಎಂದುಬಿಟ್ಟೆ.

ಊರ ಬಾವಿಗೆ ಬಿಂದಿಗೆ ಇಳಿಸಿ ತಲೆ ಒಡೆಸಿಕೊಂಡವನು ನೀನು. ನಿನ್ನ ಹಿಂದೆ ಘೋಷಣೆ ಕೂಗಿದವನು ನಾನು.

ಕಾರಿನಲ್ಲಿ ಆದ್ಯಾ ಅಂದಳು: "ಡ್ಯಾಡ್, ನೆಕ್ಸ್ಟ್ ಸಂಡೇ ತಾತನ ಬಾವಿ ಸ್ಟೋರಿ ಹೇಳ್ತೀನಿ. ಫೋಟೋ ಎಲ್ಲಿದೆ?"

ಹೇಳು ಎನ್ನಲೂ ಹೆದರಿಕೆ, ಬೇಡ ಎನ್ನಲೂ ಹೆದರಿಕೆ. ನೀನು ಸೂಟ್‌ಕೇಸಿನ ತಳದಲ್ಲಿದ್ದೀಯ ಎಂದು ಹೇಳದೆ ಕಾರು ಓಡಿಸಿದೆ.