ಹದಿನಾಲ್ಕನೇ ಗೇಟಿನ ಹಸು

ಜೂನ್ ೪, ಬೆಳಿಗ್ಗೆ ೧೧

ಇವತ್ತೂ ಗೋಡೌನಿನ ಮಹಡಿ. ಕೆಳಗೆ ಸಿಮೆಂಟ್ ಅಂಗಡಿ, ಮೇಲೆ ಸತ್ತ ರೈಲು ಕಂಪನಿಯ ಕಾಗದ. ಮೂರು ಸಲ ಸೀನಿದೆ. ಅರವತ್ತೊಂದು ಕಿಲೋಮೀಟರ್ ಹಳಿ, ನಾಲ್ಕು ಇಂಜಿನ್, ಒಂಬತ್ತು ಸ್ಟೇಷನ್ — ಇಷ್ಟಕ್ಕೇ ಸಾಮ್ರಾಜ್ಯ ಕಟ್ಟಿದೆವು ಅಂದುಕೊಂಡಿದ್ದರು, ಪಾಪ. ಮುಚ್ಚಿ ಐವತ್ತು ವರ್ಷ ದಾಟಿತು. ಹಳೆ ನೌಕರರ ಸಂಘದವರಿಗೆ ಈಗ ಚರಿತ್ರೆ ಬೇಕಂತೆ. ಟೀಚರ್ ಆಗಿದ್ದವಳು, ನೀನೇ ಬರಿ ಅಂದರು.

ಕಿಟಕಿ ಬಿಸಿಲಲ್ಲಿ ಧೂಳು ತೇಲುತ್ತದೆ... ಅದನ್ನೇ ನೋಡುತ್ತ ಅರ್ಧ ಗಂಟೆ ಹೋಯಿತು.

ಜೂನ್ ೬

ಗಾಡಿಗಳು ತಡವಾದ ಲೆಕ್ಕದ ರಿಜಿಸ್ಟರ್ ಸಿಕ್ಕಿತು. ಎಲ್ಲಿ, ಎಷ್ಟು ನಿಮಿಷ, ಯಾಕೆ. ನಾಲ್ಕು ತಿಂಗಳು ದಿನಾ ಒಂದೇ ಸಾಲು: ಹದಿನಾಲ್ಕನೇ ಗೇಟು, ಎರಡು ನಿಮಿಷ, ಹಳಿಯ ಮೇಲೆ ಹಸು. ಭಾನುವಾರವೂ ರಜೆ ತೆಗೆದುಕೊಳ್ಳದ ಹಸು.

ನಮ್ಮ ಗೇಟು ಅದು. ಅಪ್ಪ ಅಲ್ಲಿ ಗೇಟ್‌ಮ್ಯಾನ್. ನಾನು ಹುಟ್ಟಿದ ವರ್ಷ. ಗೇಟ್ ಹಾಕದೆ ನಿದ್ದೆ ಹೊಡೆದ, ಹಸು ನುಗ್ಗಿತು ಅಂತ ಕೆಲಸದಿಂದ ತೆಗೆದರು. ಅಕ್ಕ ಹನ್ನೊಂದನೇ ವಯಸ್ಸಿಗೇ ಶಾಲೆ ಬಿಟ್ಟು ಹೊಲಿಗೆಗೆ ಕೂತಳು, ಆ ಸಿಟ್ಟು ಇನ್ನೂ ಇಳಿದಿಲ್ಲ. ಎರಡು ಬೀದಿ ಆಚೆ ಅವಳ ಮನೆ. ಅಮ್ಮ ಹೋದ ಮೇಲೆ, ಹತ್ತೊಂಬತ್ತು ವರ್ಷದಿಂದ, ಅಪ್ಪನ ಮುಖ ನೋಡಿಲ್ಲ.

ಅಪ್ಪನಿಗೆ ತೊಂಬತ್ತೊಂದು. ನೋಡಬೇಕಾದವರು ಬಂದು ನೋಡಲಿ ಅಂದಿದ್ದಾರೆ ಡಾಕ್ಟರು. ಅಕ್ಕನಿಗೆ ಹೇಳಿ ಬಂದೆ. ಸೂಜಿಗೆ ದಾರ ಪೋಣಿಸುತ್ತ ಕೂತಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಜೂನ್ ೭, ಮಧ್ಯಾಹ್ನ

ಅಪ್ಪ ಅರೆನಿದ್ದೆಯಲ್ಲಿದ್ದ. ಕೇಳಿಯೇಬಿಟ್ಟೆ.

"ಅಪ್ಪಾ, ಗೇಟಿನ ಹಸು ಯಾರದು?"

ಕಣ್ಣು ಮುಚ್ಚಿಕೊಂಡೇ ನಕ್ಕ. "ಅಲ್ಲೆಲ್ಲಿ ಹಸು... ಸುತ್ತ ಬರೀ ಕಲ್ಲು. ಹುಲ್ಲೇ ಇರ್ಲಿಲ್ವಲ್ಲೇ."

ಮತ್ತೆ ನಿದ್ದೆ. ಫ್ಯಾನ್ ಸುತ್ತುತ್ತಿತ್ತು. ನನಗೂ ಜೊಂಪು. ಗೋಡೆಯಾಚೆ ಗಾಡಿ ಹೋದ ಹಾಗಾಯಿತು — ಉದ್ದಕ್ಕೆ, ಸದ್ದಿಲ್ಲದೆ. ಕಿಟಕಿ ಕಿಟಕಿಯಲ್ಲೂ ಹಸು ಕೂತಿತ್ತು, ಟಿಕೆಟ್ ಇಟ್ಟುಕೊಂಡು.

ಜೂನ್ ೧೫

ಆ ಹಸುವಿಗೆ ಹೆದರಿ ಕಂಪನಿ ಅರವತ್ತೊಂದು ಕಿಲೋಮೀಟರೂ ಬೇಲಿ ಹಾಕಿಸಿತ್ತು! ಎರಡೂ ಕಡೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಆ ಬೇಲಿಯ ಖರ್ಚಿಗೇ ಕಂಪನಿಯ ಸೊಂಟ ಮುರಿದದ್ದು, ಆಮೇಲೆ ಏಳಲಿಲ್ಲ.

ಆ ಗೇಟಿನಲ್ಲಿ ದಿನಾ ತಡವಾದ ಗಾಡಿಯ ಗಾರ್ಡ್ ಆಗಿದ್ದವರು ಇನ್ನೂ ಇದ್ದಾರೆ. ನಮಗೆ ಗಾರ್ಡ್ ಮಾವ. ಹೋಗಿ ಕಿವಿಯ ಹತ್ತಿರ ಕೂಗಿ ಕೇಳಿದೆ. ನಕ್ಕು ನಕ್ಕು ಕೆಮ್ಮು ಹತ್ತಿತು.

"ಆ ಹಸು ನಾನೇ ಬರೆದದ್ದು ಕಣಮ್ಮ. ಬಿಸಿನೀರು ಕೊಡೋಕೆ ಗಾಡಿ ನಿಲ್ಸಿದ್ವಿ ಅಂತ ಬರೆಯೋಕಾಗುತ್ತಾ?"

"ಯಾರಿಗೆ ಬಿಸಿನೀರು?"

"ನಿಂಗೆ. ಏಳೇ ತಿಂಗಳಿಗೆ ಹುಟ್ಟಿದ್ದೆ, ಅಂಗೈಯಷ್ಟಿದ್ದೆ. ಸುತ್ತ ಬಿಸಿನೀರಿನ ಬಾಟ್ಲಿ ಇಟ್ಟು ಬೆಚ್ಚಗಿಡಿ ಅಂದಿದ್ರು. ಮಳೆಗೆ ಸೌದೆಯೆಲ್ಲ ಒದ್ದೆ, ಒಲೆ ಹತ್ತಲ್ಲ. ಡ್ರೈವರು ಇಂಜಿನ್ನಿಂದ ಒಂದೊಂದು ಬಕೆಟ್ ಬಿಡ್ತಿದ್ದ, ಹೋಗ್ತಾ ಬರ್ತಾ."

ಸಾಹೇಬರು ವಿಚಾರಣೆಗೆ ಬಂದರಂತೆ. ನಿಜ ಹೇಳಿದ್ದರೆ ಡ್ರೈವರೂ ಗಾರ್ಡೂ ಇಬ್ಬರೂ ಮನೆಗೆ. ಅಪ್ಪ ಮುಂದೆ ಬಂದು, ನಾನು ಮಲಗಿಬಿಟ್ಟಿದ್ದೆ ಸ್ವಾಮಿ ಅಂದನಂತೆ. ಅಕ್ಕ ಆಗ ಅಜ್ಜಿ ಮನೆಯಲ್ಲಿದ್ದಳು. ವಾಪಸ್ ಬಂದಾಗ ಊರೆಲ್ಲ ನಿದ್ದೆಯ ಕಥೆ.

"ಬರೀಲಾ ಮಾವ, ಇದನ್ನ?"

"ಬರಿ. ಈಗ ನನ್ನನ್ನ ಯಾರು ಕೆಲಸದಿಂದ ತೆಗೀತಾರೆ?"

ಜೂನ್ ೨೧

ಆರು ದಿನ ಪೆನ್ನು ಮುಟ್ಟಲಿಲ್ಲ. ಅಕ್ಕನ ಶಾಲೆ ಹೋದದ್ದು ನನ್ನಿಂದ. ಹೇಗೆ ಹೇಳಲಿ? ಹೇಳದೆ ಹೇಗಿರಲಿ?

ಅಪ್ಪ ನಿನ್ನೆಯಿಂದ ಗಂಜಿಯೂ ಬೇಡ ಅನ್ನುತ್ತಿದ್ದಾನೆ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಅಂತ ರಿಜಿಸ್ಟರ್ ಹೊತ್ತುಕೊಂಡು ಅಕ್ಕನ ಮನೆಗೆ ಹೋದೆ. ಎಲ್ಲ ಹೇಳಿದೆ. ಹೊಲಿಗೆ ಮಿಷನ್ ನಿಲ್ಲಿಸಿದಳು. ಕನ್ನಡಕ ತೆಗೆದು ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದಳು.

"ಆಗ್ಲೇ ಗೊತ್ತಾಗಿದ್ರೆ ಆ ಸಿಟ್ಟೆಲ್ಲ ನಿನ್ನ ಮೇಲೆ ತೀರಿಸ್ಕೊಳ್ತಿದ್ದೆ ಕಣೆ. ಅದಕ್ಕೇ ಅಪ್ಪ ಬಾಯಿ ಬಿಡ್ಲಿಲ್ಲ."

ಬರುತ್ತೀಯಾ ಅಂದೆ. ಮಿಷನ್ ತುಳಿಯತೊಡಗಿದಳು.

ಜೂನ್ ೨೩, ಮಧ್ಯಾಹ್ನ ೧

ಬಂದಿದ್ದಾಳೆ.

ಚಪ್ಪಲಿ ಬಿಟ್ಟು ಹೊಸಿಲಲ್ಲೇ ಸುಮಾರು ಹೊತ್ತು ನಿಂತಿದ್ದಳು. ಆಮೇಲೆ ಮಂಚದ ತುದಿಯಲ್ಲಿ ಕೂತಳು. ಅಪ್ಪ ಕಣ್ಣು ಬಿಟ್ಟ. ನೋಡಿದ... ನೋಡುತ್ತಲೇ ಇದ್ದ.

"ಬಂದ್ಯಾ?" ಅಂದ. ಅಂಗಡಿಗೆ ಹೋದವಳು ತಡ ಮಾಡಿ ಬಂದಳೇನೋ ಅನ್ನುವ ಹಾಗೆ.

"ಬಂದೆ ಅಪ್ಪ."

"ಊಟ ಆಯ್ತಾ?"

"ಇನ್ನೂ ಇಲ್ಲ."

"ನಂಗೂ ಆಗಿಲ್ಲ ನೋಡು" ಅಂದ ಅಪ್ಪ. ಮೂರು ದಿನದಿಂದ ಬಾಯಿ ಬಿಗಿದುಕೊಂಡಿದ್ದವನು.

ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಗಂಜಿ ಬಿಸಿಗಿಟ್ಟಿದ್ದೇನೆ. ಅಕ್ಕ ಕರೆಯುತ್ತಿದ್ದಾಳೆ, ಎಷ್ಟು ಹೊತ್ತೇ ನಿಂದು, ಅಪ್ಪ ಕೈ ತೊಳ್ಕೊಂಡು ಕೂತಾಯ್ತು, ಮೂರು ತಟ್ಟೆ ತೊಗೊಂಡು ಬಾ —