ಮೈಕ್ ಆನ್ ಇತ್ತು

ಮಾರ್ಚ್ ೧೧, ಮಂಗಳವಾರ

ಇದನ್ನು ಬರೆದಿಡಲೇಬೇಕು. ಸುಳ್ಳು ಹೇಳಿದ್ದಕ್ಕಲ್ಲ, ಹೇಳಿ ಖುಷಿಪಟ್ಟಿದ್ದಕ್ಕೆ.

ಹೆಂಗಸರ ಬದುಕಿನ ಬಗ್ಗೆ ಮೂವತ್ತು ವರ್ಷ ಡಾಕ್ಯುಮೆಂಟರಿ ಮಾಡಿದ ಮೇಡಂ ಇವತ್ತು ನಮ್ಮ ಕಾಲೇಜಿನ ಸ್ಟುಡಿಯೋಗೆ ಇಂಟರ್‌ವ್ಯೂ ಕೊಡಲು ಬಂದಿದ್ದರು. ಫಸ್ಟ್ ಇಯರ್‌ನವಳೆಂದು ನನಗೆ ಸೌಂಡ್ ಡ್ಯೂಟಿ. ನಾನು ಯಾರ ಮಗಳೆಂದು ಅವರಿಗೆ ಗೊತ್ತಿಲ್ಲ. ನನಗೆ ಏಳು ವರ್ಷವಿದ್ದಾಗ ಇವರೇ ನಮ್ಮ ಅಡುಗೆಮನೆಯಲ್ಲಿ ಕ್ಯಾಮೆರಾ ಇಟ್ಟು, ತೀರಿಹೋದ ನನ್ನ ತಮ್ಮನ ವಿಷಯವನ್ನು ಅಮ್ಮನ ಬಾಯಿಂದ ಹೇಳಿಸಿದ್ದರು. ಅಮ್ಮ ಅತ್ತು ಮುಗಿಸಿದ ಮೇಲೆ, "ಅಕ್ಕಾ, ಮೈಕ್ ಆನ್ ಇರ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?" ಅಂದಿದ್ದರು. ಮೈಕಿನ ಕೆಂಪು ದೀಪ ಉರಿಯುತ್ತಲೇ ಇದ್ದದ್ದು ಬಾಗಿಲ ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು. ಆ ಫಿಲ್ಮ್‌ಗೆ ಅವಾರ್ಡ್ ಬಂತು. ಅಮ್ಮ ಮತ್ತೆಂದೂ ತಮ್ಮನ ಹೆಸರೆತ್ತಲಿಲ್ಲ.

ಇವತ್ತು ಮೇಡಂ, ತಮ್ಮೊಡನೆ ಮಾತು ಬಿಟ್ಟ ಮಗಳ ಬಗ್ಗೆ ಹೇಳುತ್ತಾ ಬಿಕ್ಕಿದರು. ಹೆಡ್‌ಫೋನಿನಲ್ಲಿ ಉಸಿರೂ ಸ್ಪಷ್ಟವಾಗಿತ್ತು. ಕಣ್ಣು ಒರೆಸಿಕೊಳ್ಳುವವರೆಗೆ ಕಾದೆ.

"ಸಾರಿ ಮೇಡಂ, ಮೈಕ್ ಆನ್ ಇರ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ಕ್ಯಾಮೆರಾ ಹಿಡಿದ ಸೀನಿಯರ್ ಹಲ್ಲು ಕಡಿದ. "ತಲೇಲಿ ಏನಿಟ್ಕೊಂಡಿದೀಯ, ಮಣ್ಣಾ?" ಆ ಬೈಗುಳವೂ ಸಿಹಿಯಾಗಿತ್ತು. ಮೇಡಂ ಮತ್ತೆ ಹೇಳಿದರು, ಮತ್ತೆ ಅತ್ತರು.

ಸಂಜೆ ಫೋನಿನಲ್ಲಿ ಅಮ್ಮನಿಗೆ ಎಲ್ಲ ಒಪ್ಪಿಸಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟ್ ಸಲ ಹೇಳಿಸ್ದೆ?"

"ಎರಡು."

"ನನ್ ಹತ್ರ ಮೂರು ಸಲ ಹೇಳಿಸಿದ್ಲು ಕಣೇ. ನೀನು ಎರಡನೇದಕ್ಕೇ ಅಳ್ತಾ ಓಡಿಹೋಗಿದ್ದೆ."

ನಾಳೆ ಹತ್ತಕ್ಕೆ ಇಂಟರ್‌ವ್ಯೂ ಮುಂದುವರಿಯುತ್ತದೆ. ಮೈಕಿನ ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ. ಫುಲ್ ಆದರೂ, ಸರಿಯಾದ ಹೊತ್ತಿಗೆ ಸತ್ತೇ ಸಾಯುತ್ತದೆ.